ಹಿಂದಿನ ಗೋಡೆ

ಗೋಡೆಗೆ ಒಂದು ತೂತು ಕೊರೆಯಬೇಕೇ ಬೇಡವೇ ಎಂಬುದು ಆ ಮನೆಯ ಪರಮ ಗಂಭೀರ ಪ್ರಶ್ನೆಯಾಗಿತ್ತು. ತೂತು ಬೇಕಾದದ್ದು ಹೆಬ್ಬೆರಳಿನಷ್ಟು ದಪ್ಪದ್ದು. ಅದರ ಬಗ್ಗೆ ನಡೆದ ಮಾತುಕತೆ ಮಾತ್ರ ಒಂದು ದೇಶವನ್ನು ಇಬ್ಭಾಗ ಮಾಡುವುದಕ್ಕೆ ಸಾಕಾಗುತ್ತಿತ್ತು. ಆ ಬೆಳಗ್ಗೆಯೂ ಮನೆಯ ಇಬ್ಬರು ಮಕ್ಕಳಲ್ಲಿ ಕಿರಿಯವನು, ತಮ್ಮ, ಡ್ರಿಲ್ಲಿಂಗ್ ಮೆಷೀನನ್ನು ಬೆನ್ನ ಹಿಂದೆ ಹಿಡಿದು ಅಮ್ಮನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಮೆಷೀನಿನ ವೈರು ಕಾಲ ಸಂದಿಯಿಂದ ನೆಲದ ಮೇಲೆ ಇಳಿಬಿದ್ದಿರುವುದು ಅವನಿಗೆ ಗೊತ್ತಿರಲಿಲ್ಲ.

"ಬಾಲ ಕಾಣ್ತಿದೆ ಕಣೋ," ಎಂದಳು ಅಮ್ಮ, ಪೇಪರಿನಿಂದ ತಲೆ ಎತ್ತದೆ.

"ಅಮ್ಮ, ಮುಂದಿನ ರಸ್ತೆ ಅಗೀತಿದಾರೆ. ಚರಂಡಿ ಪೈಪಂತೆ. ಆ ಯಂತ್ರದೋನು ಮಣ್ಣು ಅಗಿಯೋದು ನೋಡಿದ್ರೆ ನಂಗೆ ಎದೆ ಢವಢವ ಅಂತಿದೆ. ಒಂದೇ ಒಂದು ತೂತು. ಹಾಸಿಗೆ ಹಿಂದೆ. ಯಾರಿಗೂ ಕಾಣಲ್ಲ."

"ನಂಗೆ ಕಾಣತ್ತೆ. ನಾನಿರೋವರೆಗೂ ಆ ಗೋಡೆ ಮುಟ್ಟಬೇಡಿ. ಆಮೇಲೆ ಜರಡಿ ಮಾಡ್ಕೊಳ್ಳಿ."

ಬಾಲ ಸುತ್ತಿಕೊಂಡು ತಮ್ಮ ವಾಪಸು ಹೋದ.

ಮನೆಯ ಕೆಳಗಿನ ಹಜಾರದಲ್ಲಿ ಅಕ್ಕ ತಮ್ಮ ಇಬ್ಬರೂ ಸೇರಿ ಸರ್ವರ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಕಬ್ಬಿಣದ ಚೌಕಟ್ಟುಗಳಲ್ಲಿ ಯಂತ್ರಗಳು ಒಂದರ ಮೇಲೊಂದು ಮಲಗಿ, ಹಗಲೂ ರಾತ್ರಿ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿದ್ದವು. ಗಿರಾಕಿಗೆ ಒಂದು ಪೂರ್ತಿ ಯಂತ್ರ, ಬೇರೆಯವರ ಜೊತೆ ಹಂಚಿಕೊಳ್ಳುವ ಮಾತಿಲ್ಲ. "ಹಾಸ್ಟೆಲ್ಲಿನ ಹಾಸಿಗೆ ಅಲ್ಲ ಸಾರ್, ಬಾಗಿಲು ಬೀಗ ಇರೋ ಮನೆ," ಎಂದು ಅಕ್ಕ ವಿವರಿಸುತ್ತಿದ್ದಳು. ಮನೆ ಎಷ್ಟೇ ಚೆನ್ನಾಗಿದ್ದರೂ ಅದಕ್ಕೊಂದು ದಾರಿ ಬೇಕಲ್ಲ. ಆ ದಾರಿಯೇ ಅವಳ ಚಿಂತೆ. ಒಂದು ಕಂಪನಿಯ ಇಂಟರ್ನೆಟ್ ಕೇಬಲ್ ಮುಂದಿನ ರಸ್ತೆಯಿಂದ ಬರುತ್ತಿತ್ತು. ಅದು ಕಡಿದುಹೋದರೆ ಇರಲೆಂದು ಇನ್ನೊಂದು ಕಂಪನಿಯದು ಹಿಂದಿನ ಓಣಿಯಿಂದ ಬರಬೇಕಿತ್ತು. ಹಿಂದೆ ಇದ್ದದ್ದು ಅಮ್ಮನ ಕೋಣೆ.

ಆ ಕೋಣೆಯ ಹಿಂದಿನ ಗೋಡೆಗೆ ಗಾರೆ ಮಾಡಿದ್ದು ಅಪ್ಪ. ಅಪ್ಪ ಮೇಸ್ತ್ರಿಯಲ್ಲ, ಗಡಿಯಾರ ರಿಪೇರಿ ಮಾಡುತ್ತಿದ್ದವನು. ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳನ್ನು ಕಣ್ಣುಮುಚ್ಚಿ ಕೂರಿಸುವ ಕೈಗೆ ಕರಣೆ ಒಲಿಯಲಿಲ್ಲ. ಗೋಡೆ ನಡುವೆ ಉಬ್ಬಿ, ಊಟ ಮಾಡಿ ಮಲಗಿದವನ ಹೊಟ್ಟೆಯ ಹಾಗೆ ಕಾಣುತ್ತಿತ್ತು. ಅವನು ಬದುಕಿರುವ ತನಕ ಅಮ್ಮ ಬಂದವರನ್ನೆಲ್ಲ ಕರೆದು ಅದನ್ನು ತೋರಿಸಿ ನಕ್ಕಿದ್ದಳು. ಅವನು ಹೋದ ಮೇಲೆ ಅದಕ್ಕೆ ಕ್ಯಾಲೆಂಡರಿನ ಮೊಳೆ ಹೊಡೆಯುವುದಕ್ಕೂ ಬಿಟ್ಟಿರಲಿಲ್ಲ.

ಹಾಗಾಗಿ ಎರಡನೆಯ ಕಂಪನಿಯ ಕೇಬಲನ್ನೂ ಸುತ್ತು ಬಳಸಿ ಮುಂದಿನ ರಸ್ತೆಗೇ ತಂದಿದ್ದರು. ಹೊಸ ಗುಂಡಿ ಯಾಕೆಂದು ಮೊದಲನೆಯದು ಮಲಗಿದ್ದ ಪೈಪಿನೊಳಗೇ ಅದನ್ನೂ ತೂರಿಸಿದ್ದರು. ಎರಡು ಕಂಪನಿ, ಎರಡು ಕೇಬಲ್, ಒಂದೇ ಪೈಪು, ಒಂದೇ ತೂತು. ಅಕ್ಕ ಗಿರಾಕಿಗಳಿಗೆ ಮೊದಲೆರಡನ್ನು ಮಾತ್ರ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಅಷ್ಟಾಗಿಯೂ ಹೇಳುವಾಗ ಅವಳ ಕೈ ತಾನಾಗಿ ಮೇಜಿನ ಮೇಲಿನ ಏನನ್ನಾದರೂ ಸರಿಪಡಿಸತೊಡಗುತ್ತಿತ್ತು.

ಅವಳ ಮಾತನ್ನು ಹೆಚ್ಚು ನಂಬಿದ ಗಿರಾಕಿ ಎಂದರೆ ಪೆಟ್ಟಿಗೆಯವರು. ಶವಪೆಟ್ಟಿಗೆ ಮಾಡಿಕೊಡುವುದು ಅವರ ಮೂಲ ಕಸುಬು. ಈಚೆಗೆ ಅಂತ್ಯಸಂಸ್ಕಾರವನ್ನು, ದೂರ ಇದ್ದು ಬರಲಾಗದವರಿಗೆ ನೇರ ತೋರಿಸುವ ಏರ್ಪಾಟೂ ಮಾಡಿದ್ದರು. ಕ್ಯಾಮೆರಾ ತನ್ನಲ್ಲಿ ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಈ ಹಜಾರದ ಒಂದು ಯಂತ್ರಕ್ಕೆ ಕಳಿಸುತ್ತಿತ್ತು. ನೆಂಟರು ತಮ್ಮ ತಮ್ಮ ಫೋನಿನಲ್ಲಿ ಅಲ್ಲಿಂದ ನೋಡುತ್ತಿದ್ದರು. ಬಾಡಿಗೆಗೆ ಹಿಡಿಯುವ ಮುಂಚೆ ಪೆಟ್ಟಿಗೆಯವರು ಅಕ್ಕನ ಮುಂದೆ ಕೂತು, ಅಳತೆ ತೆಗೆಯುವವರ ಹಾಗೆ ಅವಳನ್ನು ನೋಡಿದ್ದರು.

"ಮೇಡಂ, ಮದುವೆ ವಿಡಿಯೋ ಕೆಟ್ಟೋದ್ರೆ ಇನ್ನೊಂದ್ಸಲ ನಗಿ ಅಂತ ನಿಲ್ಲಿಸಬಹುದು. ನನ್ನ ಕೇಸಲ್ಲಿ ಎರಡನೇ ಟೇಕ್ ಇಲ್ಲ. ಲೈನ್ ಹೋದ್ರೆ?"

"ಇನ್ನೊಂದಿದೆ ಸಾರ್. ಬೇರೆ ಕಂಪನೀದು."

"ಅದೂ ಹೋದ್ರೆ?"

"ಎರಡೂ ಒಟ್ಟಿಗೆ ಹೋಗಲ್ಲ ಸಾರ್," ಎಂದಿದ್ದಳು ಅಕ್ಕ, ಸ್ಟೇಪ್ಲರನ್ನು ಪೇಪರುಗಳ ನೇರಕ್ಕೆ ಇಡುತ್ತ.

ಅಮ್ಮ ತಮ್ಮನನ್ನು ವಾಪಸು ಕಳಿಸಿದ ಆ ದಿನವೇ ಮಧ್ಯಾಹ್ನ ಪೆಟ್ಟಿಗೆಯವರಿಗೆ ಒಂದು ಕೆಲಸ ಇತ್ತು. ತೀರಿಕೊಂಡದ್ದು ಒಬ್ಬ ಮುದುಕಿ. ಒಬ್ಬಳೇ ಮಗಳು ದೂರದೂರಿನ ಆಸ್ಪತ್ರೆಯಲ್ಲಿ ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡು ಮಿಸುಕಾಡದ ಹಾಗೆ ಮಲಗಿದ್ದಳು. ಅವಳಿಗೋಸ್ಕರವೇ ಕ್ಯಾಮೆರಾ. "ಪಾಪ, ಅವಳೊಬ್ಬಳೇ ನೋಡೋದು. ಸ್ವಲ್ಪ ಕಣ್ಣಿಟ್ಟಿರಿ ಮೇಡಂ," ಎಂದು ಪೆಟ್ಟಿಗೆಯವರು ಬೆಳಗ್ಗೆಯೇ ಫೋನು ಮಾಡಿದ್ದರು. ಅಕ್ಕ ಕಣ್ಣಿಟ್ಟೇ ಇದ್ದಳು. ತೆರೆಯ ಮೇಲೆ ದತ್ತಾಂಶದ ಗೆರೆ ಏರುತ್ತ ಇಳಿಯುತ್ತ ಹೋಗುತ್ತಿತ್ತು; ಒಂದು ಸಲ ನೆಲಕ್ಕಿಳಿದದ್ದು ಮತ್ತೆ ಏಳಲಿಲ್ಲ.

ಹಜಾರದ ಯಂತ್ರಕ್ಕೆ ಏನೂ ಆಗಿರಲಿಲ್ಲ. ಎಲ್ಲ ದೀಪಗಳೂ ಹಸಿರಾಗಿದ್ದವು, ಫ್ಯಾನುಗಳು ತಿರುಗುತ್ತಿದ್ದವು. ಅದನ್ನು ಮಾತಾಡಿಸುವವರು ಯಾರೂ ಇರಲಿಲ್ಲ, ಅಷ್ಟೇ.

ತಮ್ಮ ಹೊರಗೆ ಓಡಿದ. ಅಗೆಯುವ ಯಂತ್ರದ ಬಾಯಲ್ಲಿ ಪೈಪಿನ ತುಂಡೊಂದು ನೇತಾಡುತ್ತಿತ್ತು. ಅದರ ತುದಿಯಿಂದ ಒಂದು ಹಳದಿ, ಒಂದು ಕಪ್ಪು, ಎರಡೂ ಕೇಬಲುಗಳು ಅಣ್ಣತಮ್ಮಂದಿರ ಹಾಗೆ ಜೊತೆಯಾಗಿ ಹೊರಗೆ ಇಣುಕಿದ್ದವು.

"ನೋಡ್ಕೊಂಡು ಅಗಿಯಕ್ಕಾಗಲ್ವೇನ್ರೀ?"

"ಮಣ್ಣೊಳಗೆ ನೋಡೋ ಕಣ್ಣು ಇನ್ನೂ ಕೊಟ್ಟಿಲ್ಲ ಸ್ವಾಮಿ," ಎಂದ ಯಂತ್ರದವನು. ಆಮೇಲೆ ತಮ್ಮನ ಮುಖ ನೋಡಿ ಎಂಜಿನ್ ಆರಿಸಿ ಇಳಿದು ಬಂದ. "ಒಂದು ಹೋದ್ರೆ ಇನ್ನೊಂದಿರತ್ತಲ್ಲ?"

"ಅದೇ ಇನ್ನೊಂದು," ಎಂದ ತಮ್ಮ, ಕಪ್ಪು ತುದಿಯನ್ನು ತೋರಿಸಿ.

ಆಫೀಸಿನ ಮೊಬೈಲು ಎಂದಿನಂತೆ ಅಮ್ಮನ ಕೈಯಲ್ಲಿತ್ತು. ಕರೆ ಬಂದರೆ ಮಕ್ಕಳಿಗಿಂತ ಮೊದಲು ಅವಳೇ ಎತ್ತಿ, ಗಿರಾಕಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಅಕ್ಕನಿಗೆ ದಾಟಿಸುವುದು ರೂಢಿ. ಅದು ಬಡಿದುಕೊಂಡಾಗ ಅಕ್ಕ ಒಂದೇ ಉಸಿರಿಗೆ ಅಮ್ಮನ ಕೋಣೆಗೆ ಬಂದಳು. ಪೆಟ್ಟಿಗೆಯವರು ಈ ನಂಬರನ್ನೇ ಆ ಮಗಳಿಗೂ ಕೊಟ್ಟಿದ್ದರು.

"ಹಲೋ. ಚಿತ್ರ ನಿಂತೋಯ್ತು," ಎಂದಿತು ಆಚೆಯ ದನಿ. ಜಗಳ ಮಾಡುವ ದನಿಯಲ್ಲ. "ಮುಚ್ಚಳ ಇನ್ನೂ ಮುಚ್ಚಿರಲಿಲ್ಲ. ಇನ್ನೇನು ಅಮ್ಮನ ಮುಖ ಹತ್ತಿರ ತೋರಿಸಬೇಕು, ನಿಂತೋಯ್ತು."

"ಸರಿ ಮಾಡ್ತಿದಾರೆ ಮಗಳೇ," ಎಂದಳು ಅಮ್ಮ.

"ಅಷ್ಟರಲ್ಲಿ ಮುಗಿದೋಗತ್ತೆ ಬಿಡಿ. ನಂಗೆ ಒಂದು ಗೊತ್ತಾದ್ರೆ ಸಾಕು. ನೀಲಿ ಶಾಲು ಹೊದಿಸಿ ಅಂತ ಹೇಳಿಕಳಿಸಿದ್ದೆ. ಅವಳಿಗೆ ಚಳಿ ತಡಿಯಲ್ಲ. ಹೊದಿಸಿದ್ರಾ?"

ಅಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದು ಅಕ್ಕನನ್ನು ನೋಡಿದಳು. "ಏನೇ ಇದು? ಎರಡು ಲೈನಿದೆ ಅಂತ ಊರಿಗೆಲ್ಲ ಹೇಳ್ತಿದ್ದೆಯಲ್ಲೇ?"

"ಇತ್ತಮ್ಮ. ಎರಡೂ ಒಂದೇ ಕಡೆ ಇತ್ತು."

"ಅದನ್ನ ಹೇಳಿದ್ಯಾ?"

ಅಕ್ಕನ ಕಣ್ಣು ಅಮ್ಮನ ಹಿಂದಿನ ಗೋಡೆಯ ಮೇಲಿತ್ತು. ಅಮ್ಮ ತಿರುಗಿ ನೋಡಲಿಲ್ಲ.

"ಕೇಳಿ ಹೇಳ್ತೀನಿ, ಫೋನ್ ಹತ್ರಾನೇ ಇರು ಮಗಳೇ," ಎಂದು ಆಚೆಯವಳಿಗೆ ಹೇಳಿ ಅಮ್ಮ ಪೆಟ್ಟಿಗೆಯವರಿಗೆ ಫೋನು ಹಚ್ಚಿದಳು. ಅವರು ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಿದಾಗ ಹಿನ್ನೆಲೆಯಲ್ಲಿ ಮಣ್ಣು ಬೀಳುವ ಸದ್ದಿತ್ತು.

"ಶಾಲಾ?" ಎಂದರು ಪೆಟ್ಟಿಗೆಯವರು. ಅವರ ದನಿ ಎಷ್ಟು ತಗ್ಗಿತ್ತೆಂದರೆ ಅದರಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. "ಮುಚ್ಚೋ ಹೊತ್ತಲ್ಲಿ ನಾನು ಹಾಳಾದ ಕ್ಯಾಮೆರಾ ಯಾಕೆ ಕೆಂಪು ತೋರಿಸ್ತಿದೆ ಅಂತ ಅದನ್ನೇ ನೋಡ್ತಿದ್ದೆ ತಾಯಿ. ಪೆಟ್ಟಿಗೆ ಒಳಗೆ ನೋಡಲಿಲ್ಲ. ಹೊದಿಸೋದು ಬಿಡೋದು ನೆಂಟರ ಕೈಲಿತ್ತು, ಅವರೆಲ್ಲ ವ್ಯಾನ್ ಹತ್ತಿ ಹೋದ್ರು. ಈಗಂತೂ ಮಣ್ಣು ಅರ್ಧ ಹಾಕಾಯ್ತು. ನಿಮ್ಮ ಮಗಳಿಗೆ ಫೋನ್ ಕೊಡಿ."

ಅಕ್ಕ ಫೋನು ತೆಗೆದುಕೊಂಡಳು. ಅವಳು ಹೇಳಿದ್ದು "ಹೌದು ಸಾರ್" ಎಂದಷ್ಟೇ, ಆಮೇಲೆ "ಒಂದೇ ಪೈಪಲ್ಲಿತ್ತು ಸಾರ್", ಆಮೇಲೆ ಮತ್ತೆ "ಹೌದು ಸಾರ್. ನಂಗೆ ಗೊತ್ತಿತ್ತು." ಮೇಜಿಲ್ಲದ ಆ ಕೋಣೆಯಲ್ಲಿ ಅವಳ ಕೈಗೆ ಸರಿಪಡಿಸುವುದಕ್ಕೆ ಏನೂ ಇರಲಿಲ್ಲ. ಸೆರಗಿನ ತುದಿ ಹಿಡಿದು ನಿಂತಿದ್ದಳು.

ಫೋನು ಮತ್ತೆ ಅಮ್ಮನ ಕೈಗೆ ಬಂತು. ಅವಳು ಅದನ್ನು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊರಗೆ ತಮ್ಮನು ಎರಡೂ ಕಂಪನಿಗಳಿಗೆ ಒಂದೊಂದು ಕಿವಿಯಲ್ಲಿ ಒಂದೊಂದು ಫೋನು ಇಟ್ಟುಕೊಂಡು ಕೂಗಾಡುತ್ತಿರುವುದು ಕೇಳಿಸುತ್ತಿತ್ತು. ಆಮೇಲೆ ಅಮ್ಮ ಆಸ್ಪತ್ರೆಯಲ್ಲಿದ್ದ ಮಗಳ ನಂಬರು ಒತ್ತಿದಳು.

"ಹೊದಿಸಿದ್ರಂತೆ ಮಗಳೇ," ಎಂದಳು. "ನೀಲೀದೇ. ಕತ್ತಿನವರೆಗೂ ಎಳೆದು ಹೊದಿಸಿದ್ರಂತೆ."

ಲೈನು ಹೋಯಿತೇನೋ ಎಂದು ಅಮ್ಮ ಫೋನನ್ನು ಕಣ್ಣ ಹತ್ತಿರ ತಂದು ನೋಡಿದಳು. ಹೋಗಿರಲಿಲ್ಲ.

"ಕಾಲೂ ಮುಚ್ಚಿತ್ತಾ?"

"ಕಾಲೂ ಮುಚ್ಚಿತ್ತು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಫೋನು ಕೆಳಗಿಟ್ಟ ಮೇಲೆ ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಮ್ಮ ಎದ್ದಳು. ಮಂಚದ ಒಂದು ಕಾಲನ್ನು ಹಿಡಿದು ಎಳೆದಳು, ಅದು ಅಲುಗಲಿಲ್ಲ.

"ಸುಮ್ಮನೆ ನಿಂತ್ಕೊಂಡು ಏನ್ ನೋಡ್ತಿದ್ಯೇ? ಹಿಡಿ ಆ ಕಡೆ. ಅವನನ್ನೂ ಕರಿ. ಬಾಲಾನೂ ತರಕ್ಕೆ ಹೇಳು."

ತಮ್ಮ ಬಂದ. ಉಬ್ಬಿದ ಜಾಗ ಬಿಟ್ಟು, ಪಕ್ಕದಲ್ಲಿ, ಕೆಳಗೆ, ಎಲ್ಲಿ ಕೊರೆದರೆ ಕಡಿಮೆ ಕಾಣುತ್ತದೆ ಎಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡತೊಡಗಿದ. ಅಮ್ಮ ಅವನ ಕೈ ಹಿಡಿದು ಉಬ್ಬಿನ ನಡುಮಧ್ಯಕ್ಕೆ ತಂದಿಟ್ಟಳು.

"ಇಲ್ಲಿ. ಇಲ್ಲಿ ಗಾರೆ ದಪ್ಪಗಿದೆ. ಒಡೆಯಲ್ಲ."

ಮೆಷೀನು ಕೂಗಿತು. ಅಪ್ಪನ ಗಾರೆ ಬಿಳಿ ಪುಡಿಯಾಗಿ ಸುರಿದು ಅಮ್ಮನ ದಿಂಬಿನ ಮೇಲೆ ಕೂತಿತು. ಅವಳು ಅದನ್ನು ಕೊಡವಲಿಲ್ಲ. ತೂತು ಆಚೆ ತಲುಪಿದಾಗ ಓಣಿಯ ಬೆಳಕಿನ ಒಂದು ಸಣ್ಣ ದುಂಡು, ಎದುರಿನ ಬಾಗಿಲ ಮೇಲೆ ಬಂದು ನಿಂತಿತು.

ಮುಂದಿನ ವಾರ ಎರಡನೆಯ ಕೇಬಲ್ ಹಿಂದಿನ ಓಣಿಯಿಂದ ಒಳಗೆ ಬಂತು. ಪೆಟ್ಟಿಗೆಯವರು ಅಷ್ಟರಲ್ಲಿ ಬೇರೆ ಕಡೆ ಸರ್ವರ್ ಹಿಡಿದಿದ್ದರು.