ಗೌಡತಿಯ ಅಳತೆ

"ತೊಗಲ ಎತ್ತಿ ಹಿಡಿಲೇ ರಂಡಿ, ಡಾಕ್ಟರ್ ಸಾಹೇಬ್ರ ಕೈ ತಾಕೀತು," ಎಂದ ಶಿವಯೋಗೆಪ್ಪಗೌಡ.

ರಾಚವ್ವ ತೋಳಿನ ತೊಗಲನ್ನು ತಾನೇ ಚಿವುಟಿ ಎತ್ತಿದಳು. ವಿಜಾಪುರದಿಂದ ಮೋಟಾರಿನಲ್ಲಿ ಬಂದಿದ್ದ ಡಾಕ್ಟರು ದನದ ಕೊಟ್ಟಿಗೆಯ ಹೊಸ್ತಿಲಾಚೆ ನಿಂತೇ ಬಗ್ಗಿ ಚುಚ್ಚಿದ. ಊರ ಹೊರಗಿನ ಕೇರಿಯವಳನ್ನು ಅವನು ಮುಟ್ಟುತ್ತಿರಲಿಲ್ಲ. ಸೂಜಿ ಮಾತ್ರ ಮುಟ್ಟುತ್ತಿತ್ತು.

ತಿಕೋಟಾದ ಆ ವಾಡೆಯಲ್ಲಿ ಉಬ್ಬಸ ಇಬ್ಬರಿಗೆ. ಒಬ್ಬಳು ಗೌಡತಿ ನೀಲಾಬಾಯಿ. ಇನ್ನೊಬ್ಬಳು ಅವರ ಜೋಳದ ರಾಶಿ ತೂರಿ ತೂರಿ ಹೊಟ್ಟಿನ ಧೂಳು ನುಂಗಿದ ರಾಚವ್ವ. ಹೋದ ಸಲ ಈ ಅಡ್ರಿನಲಿನ್ ಸೂಜಿ ಹೆಚ್ಚಾಗಿ ಗೌಡತಿ ಎದೆ ಹಿಡಿದುಕೊಂಡು ಮೂರ್ಛೆ ಹೋಗಿದ್ದಳು. ಇಬ್ಬರದೂ ಒಂದೇ ವಯಸ್ಸು, ಒಂದೇ ಮೈಕಟ್ಟು. ಮೊದಲು ಇವಳಿಗೆ ಹಾಕಿ ಅಳತೆ ಗೊತ್ತು ಮಾಡಿಕೊಳ್ಳಿ ಎಂದು ಗೌಡನೇ ಹೇಳಿದ್ದ.

ಕಡಿಮೆ ಹಾಕಿದ ದಿನ ರಾಚವ್ವ ಕಂಬ ಅಪ್ಪಿಕೊಂಡು ಗಾಳಿಗಾಗಿ ಬಾಯಿ ಬಿಟ್ಟಳು. ಹೆಚ್ಚು ಹಾಕಿದ ದಿನ ಎದೆ ಹೊಡೆದುಕೊಂಡು, ಕೈ ನಡುಗಿ, ಕುಡಿಯುವ ನೀರೆಲ್ಲ ಸೀರೆಗೆ ಚೆಲ್ಲಿತು. ದಮ್ಮು ಇಳಿಯಿತೇ, ಎದೆ ಬಡಿಯುತ್ತಿದೆಯೇ ಎಂದು ಡಾಕ್ಟರು ದೂರದಿಂದಲೇ ಕೇಳುತ್ತಿದ್ದ. ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು. ತನಗೂ ಗುಣವಾದೀತೆಂಬ ಆಸೆ.

ಇವತ್ತು ಸ್ವಲ್ಪ ಹೊತ್ತಿಗೆ ಎದೆಯ ಬಿಗಿ ಬಿಚ್ಚಿತು. ನಡುಕವಿರಲಿಲ್ಲ. ಉಸಿರು ತಡೆಯಿಲ್ಲದೆ ಒಳಗಿಳಿಯಿತು. ಎಷ್ಟೋ ವರ್ಷದ ಮೇಲೆ ಸಗಣಿಯ ವಾಸನೆ ಪೂರ್ತಿಯಾಗಿ ಮೂಗಿಗೆ ಬಂದು ಅವಳಿಗೆ ಅಳು ಬಂತು. ಅಷ್ಟರಲ್ಲಿ ಗೌಡ ಡಾಕ್ಟರನಿಗೆ ಹೇಳುವುದು ಕೇಳಿಸಿತು.

"ಅಳತಿ ಸಿಕ್ಕರ ಸಾಕ್ರಿ. ಯುದ್ಧದಾಗ ಔಷಧ ಸಿಗೂದ ಕಷ್ಟ, ಇಕಿಗ್ಯಾಕ ದಂಡ? ನಾಳಿಂದ ಕಣಕ್ಕ ಹೊಕ್ಕಾಳ."

ಡಾಕ್ಟರು ಇತ್ತ ತಿರುಗಿ ಈಗ ಹೇಗಿದೆ ಎಂದ. ರಾಚವ್ವ ತುಟಿ ಬಿಚ್ಚಲಿಲ್ಲ. ಮತ್ತೆ ಕೇಳಿದ. ಗೌಡ ಕಾಲಿನ ಜೋಡು ಕೈಗೆತ್ತಿಕೊಂಡ.

"ನಾಲಿಗಿ ಸತ್ತೈತೇನಲೇ?"

ಒಳಗಿನ ಕೋಣೆಯಲ್ಲಿ ನೀಲಾಬಾಯಿಯ ಎದೆ ಸೀಟಿ ಹೊಡೆಯುತ್ತಿತ್ತು. ಅದು ಮುಂದೆ ಎಲ್ಲಿಗೆ ಒಯ್ಯುತ್ತದೆಂದು ರಾಚವ್ವನಿಗೆ ಗೊತ್ತಿತ್ತು. ಆದರೂ ಎದ್ದು ಹೊಸ್ತಿಲ ತನಕ ಬಂದು, ಅಂಗೈ ಮೇಲಾಗಿ ಕೈ ಚಾಚಿದಳು.

"ನಾ ಹೇಳಂಗಿಲ್ರಿ ಸಾಹೇಬ್ರ. ನಾಡಿ ಹಿಡದು ನೋಡ್ರಿ."

ಜೋಡು ಅವಳ ಭುಜಕ್ಕೆ ಬಿತ್ತು. ಕೈ ಕೆಳಗಿಳಿಯಲಿಲ್ಲ. ಡಾಕ್ಟರು ಆ ಕೈಯನ್ನು ನೋಡಿದ, ಗೌಡನ ಮುಖ ನೋಡಿದ. ಒಳಗೆ ಸೀಟಿ ಏರುತ್ತಲೇ ಇತ್ತು.