ಒಳಮೈ ಹೊರಗಾದ ಹಾಳೆ

ಬೈಂಡರಮ್ಮ ಪ್ರೆಸ್ಸಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅಚ್ಚಾದ ಹಾಳೆ ಮಡಿಸುವುದು, ಜೋಡಿಸುವುದು, ಹೊಲಿಯುವುದು, ಅಂಟು ಬಳಿದು ರಟ್ಟು ಹಾಕುವುದು ಅವಳ ಕೆಲಸ. ಓದುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಓದುತ್ತ ಕೂತರೆ ಮಡಿಸುವವರು ಯಾರು ಎಂದು ಅವಳಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಗದರಿದ್ದ. ಪುಟದ ಕೆಳಗಿನ ಅಂಕಿ ನೋಡು, ಮಡಿಸು, ಮುಂದಿನದಕ್ಕೆ ಕೈಹಾಕು. ಸಾವಿರಾರು ಪುಸ್ತಕ ಅವಳ ಕೈ ದಾಟಿ ಹೋಗಿದ್ದವು. ಮನಸ್ಸಿಟ್ಟು ಓದಿದ್ದು ಮಾತ್ರ ಒಂದೇ ಒಂದು ಕವಿತೆ.

ಆ ಕವಿತೆ ಇದ್ದ ಪುಸ್ತಕ ಹನ್ನೊಂದು ವರ್ಷದ ಮೇಲೆ ಎರಡನೇ ಸಲ ಅಚ್ಚಿಗೆ ಬಂದಿತ್ತು. ಕರಡು ಹಾಳೆಗಳು ಮೇಜಿನ ಮೇಲೆ ಬಿದ್ದ ಬೆಳಿಗ್ಗೆ ಅವಳು ಅಂಟಿನ ಕೈ ಒರೆಸಿಕೊಂಡು, ಗುರುವಿನ ಮಾತು ಮೀರಿ, ತನ್ನ ಕವಿತೆಯನ್ನು ಹುಡುಕಿದಳು. ಸಿಕ್ಕಿತು, ಆದರೆ ಅರ್ಧ.

ಹೋದವರ ಕೋಣೆಗೆ ಬೀಗ ಹಾಕಬೇಡಿ.
ಕಿಟಕಿ ತೆರೆದಿರಲಿ, ನೆಲ ಗುಡಿಸಿರಲಿ,
ಹಾಸಿಗೆಯ ಮೇಲೊಂದು ಹೊದಿಕೆ ಇರಲಿ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮುಂದಿನ ಹಾಳೆಗೆ ಹೋದರೆ ಅವಳಿಗೆ ಬಾಯಿಪಾಠವಾಗಿದ್ದ ಮುಂದಿನ ಮೂರು ಸಾಲು ಇರಲಿಲ್ಲ. ಅಲ್ಲಿ ‘ಓ ಅನಂತವೇ, ನಿನ್ನ ಅಗೋಚರ ಗರ್ಭದಲ್ಲಿ’ ಎಂದು ಶುರುವಾಗಿ, ಗ್ರಹ, ತಾರೆ, ಯುಗ ಎಂದು ಇಪ್ಪತ್ತೆಂಟು ಸಾಲು ಸುತ್ತಿ ಸುತ್ತಿ ಹೋಗಿತ್ತು. ಅವಳ ಮೂರು ಸಾಲು ಮೂರು ಪುಟ ಹಿಂದೆ, ‘ಬೆಕ್ಕು’ ಎಂಬ ಇನ್ನೊಂದು ಕವಿತೆಯ ಬಾಲದಲ್ಲಿದ್ದವು.

ದಾರಿ ಅದಕ್ಕೆ ಗೊತ್ತು, ಕರೆಯಬೇಕಿಲ್ಲ.
ಬಂದು ಮಡಿಲಲ್ಲಿ ಕೂತಾಗಲೇ ತಿಳಿವುದು
ಇಷ್ಟು ದಿನ ಮಡಿಲು ಎಷ್ಟು ತಣ್ಣಗಿತ್ತು ಎಂದು.

ಬೇರೆ ಯಾರೇ ಆಗಿದ್ದರೂ ತಲೆ ಕೆರೆದುಕೊಳ್ಳುತ್ತಿದ್ದರು. ಬೈಂಡರಮ್ಮನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಎರಡೂ ತುಂಡು ಇದ್ದ ಆ ನಾಲ್ಕು ಪುಟದ ಹಾಳೆಯನ್ನು ಎತ್ತಿಕೊಂಡು, ಒಳಮೈ ಹೊರಗೆ ಬರುವಂತೆ ತಿರುಗಿಸಿ ಮಡಿಸಿದಳು. ಕೊನೆಯ ಪುಟ ಎಡಕ್ಕೆ ಬಂತು, ಮೊದಲ ಪುಟ ಬಲಕ್ಕೆ ಬಂತು. ಬೀಗದ ಕವಿತೆಯ ತಲೆ, ಬೆಕ್ಕಿನ ಕವಿತೆಯ ಬಾಲ, ಎದುರುಬದುರು. ಹನ್ನೊಂದು ವರ್ಷದಿಂದ ಅವಳು ಓದುತ್ತಿದ್ದ ಕವಿತೆ ಇಡಿಯಾಗಿ ಎದುರಿಗೆ ನಿಂತಿತು.

ಅದನ್ನು ಮಾಡಿದ್ದು ಅವಳದೇ ಕೈ.

ಆಗ ಮಗಳು ತೀರಿಕೊಂಡು ಮೂರು ವಾರವಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗಿ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಗಂಡ ಮೊದಲೇ ಇರಲಿಲ್ಲ. ಬೈಂಡರಮ್ಮ ಮಗಳ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿ ಕೆಲಸಕ್ಕೆ ಬಂದಿದ್ದಳು. ಕೈ ಮಡಿಸುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಆ ಪುಸ್ತಕದಲ್ಲಿ ಪುಟದ ಅಂಕಿಯೂ ಇರಲಿಲ್ಲ. ‘ಕವಿತೆಗೆ ಲೆಕ್ಕದ ಹಂಗು ಬೇಡ’ ಎಂದು ಕವಿಗಳೇ ತೆಗೆಸಿಹಾಕಿದ್ದರು. ಒಂದು ಕಟ್ಟು ಪೂರ್ತಿ, ಅಂದರೆ ಐವತ್ತು ಹಾಳೆ, ಒಳಮೈ ಹೊರಗಾಗಿ ಮಡಿಸಿಹೋಯಿತು. ಐವತ್ತು ಮನೆಯಿಂದ ಒಬ್ಬರೂ ದೂರು ತರಲಿಲ್ಲ. ಕವಿತೆಯ ಪುಸ್ತಕ ಕೊಂಡವರು ಅದನ್ನು ತೆಗೆದು ನೋಡಿಯೇ ನೋಡುತ್ತಾರೆ ಎಂದು ಯಾರು ಹೇಳಿದರು?

ಮಾಲೀಕರು ಕೆಲಸದವರಿಗೆಲ್ಲ ಒಂದೊಂದು ಪ್ರತಿ ಹಂಚಿದ್ದರು. ಅವಳ ಪಾಲಿಗೆ ಬಂದದ್ದು ಆ ಐವತ್ತರಲ್ಲಿ ಒಂದು. ಒಂದು ಭಾನುವಾರ ಹೊತ್ತು ಹೋಗದೆ ಅವಳು ಅದನ್ನು ತೆರೆದಳು. ಮುಕ್ಕಾಲು ಪಾಲು ತಲೆಗೆ ಹತ್ತಲಿಲ್ಲ. ಈಗಿನ ಕವಿತೆ ಇರುವುದೇ ಹೀಗೆ ಎಂದುಕೊಂಡಳು. ಆ ಆರು ಸಾಲನ್ನು ಮಾತ್ರ ಎರಡು ಸಲ ಓದಿದಳು. ಎದ್ದು ಹೋಗಿ ಹಿಟ್ಟಿನ ಡಬ್ಬಿ ಬೋರಲು ಹಾಕಿದಳು, ಬೀಗ ತೆಗೆದಳು, ಕಿಟಕಿ ತೆರೆದಳು, ನೆಲ ಗುಡಿಸಿದಳು. ಸಂಜೆಯವರೆಗೂ ಮಗಳ ಹಾಸಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಿತು.

ಈಗ ಹೊಸ ಪುಸ್ತಕದಲ್ಲಿ ಆ ಕವಿತೆಯೇ ಇರುವುದಿಲ್ಲ. ಅವಳನ್ನು ಎತ್ತಿ ನಿಲ್ಲಿಸಿದ್ದು ಕವಿತೆಯೇ ಅಲ್ಲ, ಕೆಟ್ಟ ಮಡಿಕೆ ಎಂದಾಗಿಬಿಡುತ್ತದೆ. ಇದನ್ನು ಅವಳು ನುಂಗಿಕೊಳ್ಳಲು ತಯಾರಿರಲಿಲ್ಲ. ನಾಳೆ ಕರಡು ನೋಡಲು ಕವಿಗಳು ಬರುತ್ತಾರೆ, ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಕೇಳುತ್ತೇನೆ ಎಂದು ತೀರ್ಮಾನಿಸಿದಳು.

ಮೆಷಿನ್ ಓಡಿಸುವವನು ಅವಳ ಮೈದುನ. ವಿಷಯ ಕೇಳಿ ಅವನಿಗೆ ಬೆವರು ಬಂತು.

“ಅತ್ತಿಗೆ, ಸುಮ್ನೆ ಇರಲಾರದೆ ಇರುವೆ ಬಿಟ್ಕೋತಿದ್ದೀರಿ. ಹನ್ನೊಂದು ವರ್ಷ ಯಾರಿಗೂ ಗೊತ್ತಾಗಿಲ್ಲ. ಈಗ ನೀವೇ ಹೋಗಿ ತಪ್ಪು ನಂದು ಅಂದ್ರೆ ಮಾಲೀಕರು ಸುಮ್ನೆ ಬಿಡ್ತಾರಾ?”

“ಬಿಡದೇ ಇದ್ರೆ ಇಲ್ಲ. ಮಡಿಸೋದು ಬಿಟ್ಟು ಬೇರೆ ಕೆಲಸ ಬರಲ್ವಾ ನಂಗೆ?”

“ಬರಲ್ಲ,” ಎಂದ ಮೈದುನ.

“ಕಲಿತೀನಿ ಬಿಡು,” ಎಂದಳು ಬೈಂಡರಮ್ಮ.

ಮರುದಿನ ಹನ್ನೊಂದು ಗಂಟೆಗೆ ಕವಿಗಳು ಬಂದರು. ಅಂಚೆ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಾಲೀಕರ ಕೋಣೆಗೆ ಹೋಗುವ ದಾರಿಯಲ್ಲೇ ಬೈಂಡರಮ್ಮ ಅಡ್ಡ ನಿಂತಳು. ಮಡಿಸಿದ ಹಾಳೆ ಕೈಗಿಟ್ಟು, ಸುತ್ತಿ ಬಳಸದೆ, ನಡೆದದ್ದನ್ನೆಲ್ಲ ಹೇಳಿದಳು. ಒಳಗಿನಿಂದ ಮಾಲೀಕರೂ ಬಾಗಿಲಿಗೆ ಬಂದು ನಿಂತು ಕೇಳಿದರು. ಮೈದುನ ಮೆಷಿನ್ ನಿಲ್ಲಿಸಿದ್ದ.

“ಇದನ್ನ ಹೀಗೇ ಹಾಕಿಸಿ ಸಾರ್,” ಎಂದು ಮುಗಿಸಿದಳು.

ಕವಿಗಳ ಮುಖ ಕೆಂಪಾಯಿತು. “ಐವತ್ತು ಪ್ರತಿ! ಇದು ನನ್ನ ಕವಿತೆನೇ ಅಲ್ಲಮ್ಮ.”

“ಮತ್ತೆ ಯಾರದ್ದು? ಆರಕ್ಕೆ ಆರು ಸಾಲೂ ನೀವೇ ಬರೆದಿದ್ದು.”

“ಸಾಲು ನಂದು, ಅರ್ಥ ನಂದಲ್ಲ. ಕೊನೆ ಮೂರು ಸಾಲು ಬೆಕ್ಕಿನ ಬಗ್ಗೆ ಬರೆದಿದ್ದು. ನಮ್ಮನೇಲಿ ಒಂದು ಬೂದು ಬೆಕ್ಕಿತ್ತು.”

“ಇರಬಹುದು ಸಾರ್. ನಮ್ಮನೇಲಿ ಬೆಕ್ಕಿಲ್ಲ.”

ಮೈದುನ ಕೆಮ್ಮಿ ನಗು ನುಂಗಿಕೊಂಡ. ಕವಿಗಳಿಗೆ ರೇಗಿಹೋಯಿತು. ತಮ್ಮ ತಾಯಿ ತೀರಿಕೊಂಡಾಗ ಬರೆದ ಕವಿತೆ ಅದು, ಅನಂತವನ್ನು ಕರೆಯುವ ಆ ಕೊನೆಯೇ ಅದರ ಜೀವ, ಇಬ್ಬರು ವಿಮರ್ಶಕರು ಅದನ್ನೇ ಎತ್ತಿ ಹೊಗಳಿದ್ದಾರೆ ಎಂದು ಜೋರು ದನಿಯಲ್ಲಿ ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅದರಲ್ಲಿ ತಪ್ಪೂ ಇಲ್ಲ.

ಬೈಂಡರಮ್ಮ ಕದಲಲಿಲ್ಲ. “ಹಾಗಾದ್ರೆ ಆ ಕೊನೆ ಒಂದ್ಸಲ ಹೇಳಿ ಸಾರ್, ಕೇಳ್ತೀನಿ. ಹಾಳೆ ನೋಡದೆ.”

ಕವಿಗಳು ಗಂಟಲು ಸರಿಮಾಡಿಕೊಂಡರು. “ಓ ಅನಂತವೇ, ನಿನ್ನ ಅಗೋಚರ ಗರ್ಭದಲ್ಲಿ... ಯುಗಯುಗದ...” ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿ ಮತ್ತೆ ಅಲ್ಲಿಯೇ ನಿಂತರು. ಎರಡು ಪೆನ್ನಿನಲ್ಲಿ ಒಂದನ್ನು ಹೊರಗೆ ತೆಗೆದು, ಯಾಕೆ ತೆಗೆದೆನೆಂದು ತಿಳಿಯದವರಂತೆ ನೋಡಿದರು.

ಅವಳು ತನ್ನ ಆರು ಸಾಲು ಹೇಳಿದಳು. ರಾಗ ಎಳೆಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಮನೆಯ ವಿಳಾಸ ಹೇಳುವವರ ಹಾಗೆ ಸರಾಗವಾಗಿ ಹೇಳಿದಳು. ಹೇಳಿ ಮುಗಿಯುವ ಹೊತ್ತಿಗೆ ಮಾಲೀಕರು ಬಾಗಿಲ ಚೌಕಟ್ಟಿಗೆ ಒರಗಿದ್ದರು.

ಕವಿಗಳು ಹೊಲಿಗೆಯ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಹಾಳೆಯನ್ನು ಮೊದಲ ಸಲ ನಿಜವಾಗಿ ಓದಿದರು. ತುಂಬ ಹೊತ್ತು ಓದಿದರು.

“ಅಮ್ಮ ತೀರಿಕೊಂಡ ತಿಂಗಳಲ್ಲೇ ಅವಳ ಕೋಣೆ ಖಾಲಿ ಮಾಡಿಸಿದೆ,” ಎಂದರು. ಈಗ ದನಿಯಲ್ಲಿ ಕಚೇರಿಯ ಗತ್ತು ಇರಲಿಲ್ಲ. “ಬೀಗ ಹಾಕಬೇಡಿ ಅಂತ ಬರೆದ ಕೈಯಲ್ಲೇ ಹಳೇ ಪೇಪರ್ ತುಂಬಿಸಿ ಬೀಗ ಹಾಕಿದೆ. ನೀವು ಓದಿ ಮಾಡಿದ್ದನ್ನ ನಾನು ಬರೆದೂ ಮಾಡಲಿಲ್ಲ.”

“ನೀವು ಬರೆದಿರದಿದ್ರೆ ನಾನೂ ಮಾಡ್ತಿರಲಿಲ್ಲ,” ಎಂದಳು ಬೈಂಡರಮ್ಮ. ಅದು ಮುಖಸ್ತುತಿಯಲ್ಲ, ಅವಳಿಗೆ ಮುಖಸ್ತುತಿ ಬರುತ್ತಲೂ ಇರಲಿಲ್ಲ. “ಆದ್ರೆ ಮಾಡಿದ್ದು ನಾನು. ಅದಕ್ಕೇ ಕೇಳ್ತಿದ್ದೀನಿ.”

ಕವಿಗಳು ಮಾಲೀಕರ ಕಡೆ ತಿರುಗಿದರು. “ಅನಂತ ತನ್ನ ಜಾಗದಲ್ಲಿರಲಿ, ಬೆಕ್ಕೂ ಇರಲಿ. ಕೊನೇಲಿ ಒಂದು ಪುಟ ಜಾಸ್ತಿ ಮಾಡಿ, ಇದನ್ನ ಬೇರೆ ಕವಿತೆ ಅಂತಲೇ ಹಾಕೋಣ.”

ಮಾಲೀಕರು ತಲೆಯಾಡಿಸಿದರು. ಐವತ್ತು ಪ್ರತಿಯ ಮಾತು ಎತ್ತಲಿಲ್ಲ. ಬೈಂಡರಮ್ಮನಿಗೆ ಗೆದ್ದೆ ಎನಿಸಿತು, ಮಗಳಿಗೆ ಹೇಳಬೇಕು ಎನಿಸಿತು.

ಕವಿಗಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು. “ಒಂದೇ ಒಂದು ಪದ ತಿದ್ದಿಬಿಡ್ತೀನಿ. ಬೆಕ್ಕಿನ ಹೆಸರು ಇಲ್ಲಿ ಎಲ್ಲೂ ಇಲ್ಲವಲ್ಲ, ‘ದಾರಿ ಅದಕ್ಕೆ ಗೊತ್ತು’ ಅಂದ್ರೆ ಯಾವುದಕ್ಕೆ ಅಂತ ಓದೋರಿಗೆ ತಿಳಿಯಲ್ಲ. ‘ದಾರಿ ನೆನಪಿಗೆ ಗೊತ್ತು’ ಅಂತ ಮಾಡಿದ್ರೆ ಸ್ಪಷ್ಟ ಆಗುತ್ತೆ.”

ನಿಬ್ಬು ಕಾಗದ ಮುಟ್ಟುವ ಮೊದಲೇ ಬೈಂಡರಮ್ಮ ಆ ಸಾಲಿನ ಮೇಲೆ ಅಂಗೈ ಊರಿದಳು. ಅಂಟು ಒಣಗಿ ಬಿರುಕುಬಿಟ್ಟ ಅಗಲವಾದ ಅಂಗೈ.

“ಮುಟ್ಟಬೇಡಿ ಸಾರ್.”

“ಯಾಕಮ್ಮ? ನಿಮಗೆ ಬಂದಿದ್ದು ನೆನಪೇ ಅಲ್ವಾ?”

“ನಂಗೆ ಬಂದಿದ್ದು ಅಳು. ನಿಮಗೆ ಏನು ಬರುತ್ತೋ ನಂಗೇನು ಗೊತ್ತು. ಬರೋದು ಇದೇ ಅಂತ ನೀವು ಬರೆದುಬಿಟ್ರೆ, ಬೇರೆಯವರ ಮನೆಗೆ ಬೇರೆ ಏನಾದ್ರೂ ಬರೋದು ಹೇಗೆ?”

ಕವಿಗಳು ಅವಳ ಮುಖ ನೋಡಿದರು, ಅಂಗೈ ನೋಡಿದರು. ಅದು ಏಳುವ ಲಕ್ಷಣ ಕಾಣಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದರು.