ಜಾಡಿ ಕೋಣೆಯ ಗಂಟೆ

ಚಳಿಗಾಲದ ಶನಿವಾರಗಳಲ್ಲಿ ವರ್ನಾಳ ಅಮ್ಮನ ಅಡಿಗೆಮನೆಯಲ್ಲಿ ಎರಡು ವಾಸನೆಗಳು ಜಗಳವಾಡುತ್ತಿದ್ದವು. ಒಂದು, ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿದ್ದ ಒದ್ದೆ ಉಣ್ಣೆಯ ಕಾಲುಚೀಲಗಳದ್ದು. ಇನ್ನೊಂದು, ಒಲೆಯ ಪಕ್ಕದಲ್ಲಿ ಬಟ್ಟೆ ಹೊದ್ದು ಕೂತಿದ್ದ ಹುಳಿಹಿಟ್ಟಿನದ್ದು. ಮೂಗು ಕೆಂಪಗೆ ಮಾಡಿಕೊಂಡು ಹೊರಗಿನಿಂದ ಬಂದ ಮಗುವಿಗೆ ಮೊದಲು ಉಣ್ಣೆಯೇ ಗೆದ್ದಂತೆ ಅನ್ನಿಸುತ್ತಿತ್ತು. ಕೈಕಾಲು ಬೆಚ್ಚಗಾದ ಮೇಲೆ ಹಿಟ್ಟಿನ ವಾಸನೆ ಮೆಲ್ಲಗೆ ಮೇಲೇಳುತ್ತಿತ್ತು. ಸ್ವಲ್ಪ ಸೇಬಿನ ಸಿಪ್ಪೆಯಂತೆ, ಸ್ವಲ್ಪ ಹಳೆಯ ಮೊಸರಿನಂತೆ. ಅರವತ್ತು ದಾಟಿದ ಮೇಲೂ ವರ್ನಾ ಪೆಟ್ಕೌಗೆ ಮನೆ ಅಂದರೆ ಆ ವಾಸನೆಯೇ.

ಅದರ ಜಾಡು ಹಿಡಿದೇ ಅವಳು 'ಬೆಚ್ಚನೆ ಒಲೆ' ಎಂಬ ಗುಂಪು ಕಟ್ಟಿದ್ದು. ವಿನ್ನಿಪೆಗ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಹುಳಿಹಿಟ್ಟಿನ ಹೆಪ್ಪು ಹಾಕಿ ಬ್ರೆಡ್ ಮಾಡುವ ನಾಲ್ಕಾರು ಜನ ಸೇರಿ ಶುರುಮಾಡಿದ್ದು. ಆಮೇಲೆ ಫೋನಿಗೆ ಬಂತು. ಫೋನಿಗೆ ಬಂದ ಮೇಲೆ ಅದಕ್ಕೆ ಗೋಡೆಯೇ ಇಲ್ಲದಂತಾಯಿತು. ಯಾವ ಯಾವುದೋ ಪ್ರಾಂತದವರು, ಎಂದೂ ಮುಖ ನೋಡದವರು ಬಂದು ಸೇರಿಕೊಂಡರು. ಗುಂಪಿನೊಳಗೆ ಬೇರೆ ಬೇರೆ ಕೋಣೆಗಳಾದವು. ಪ್ರಶ್ನೆ ಕೇಳುವವರಿಗೊಂದು, ಫೋಟೋ ಹಾಕುವವರಿಗೊಂದು, ವಾದ ಮಾಡುವವರಿಗೊಂದು.

ಎಲ್ಲಕ್ಕಿಂತ ಹಳೆಯದು ಜಾಡಿ ಕೋಣೆ. ಬ್ರೆಡ್ಡಿನ ಹೆಪ್ಪು ಬದುಕಿರುವ ವಸ್ತು. ಆಗಾಗ ಹಿಟ್ಟು ನೀರು ಕೊಡದಿದ್ದರೆ ಸೊರಗುತ್ತದೆ. ಊರಿಗೆ ಹೋಗುವವರು ಜಾಡಿ ಕೋಣೆಯಲ್ಲಿ ಒಂದು ಮಾತು ಬರೆದರೆ ಹತ್ತಿರದವರು ಯಾರಾದರೂ ಹೆಪ್ಪಿನ ಜಾಡಿಯನ್ನು ಕೊಂಡೊಯ್ದು ನೋಡಿಕೊಳ್ಳುತ್ತಿದ್ದರು. ಯಾರಿಗೂ ನೇರವಾಗಿ ಫೋನ್ ಮಾಡಿ ಕೇಳಬಾರದು, ಅದೊಂದು ಪದ್ಧತಿ. ಒಬ್ಬರನ್ನೇ ಕೇಳಿದರೆ ಅವರಿಗೆ ಇಲ್ಲವೆನ್ನಲು ಸಂಕೋಚ. ಎಲ್ಲರ ಮುಂದೆ ಇಟ್ಟರೆ ಆಗುವವರು ಎತ್ತಿಕೊಳ್ಳುತ್ತಾರೆ.

ಆಬ್ರಾಂ ಕ್ಲಾಸೆನ್ ಅವರ ಜಾಡಿ ಮಾತ್ರ ಆ ಕೋಣೆಗೆ ಎಂದೂ ಬಂದಿರಲಿಲ್ಲ. ಅದು ಅವರ ಹೆಂಡತಿ ಆಗಾಥಾ ಮದುವೆಯಾದ ಹೊಸದರಲ್ಲಿ ಹಾಕಿದ ಹೆಪ್ಪು. ಆಗಾಥಾ ಹೋದ ಮೇಲೆ ಮುದುಕರು ಅದನ್ನೇ ಆಗಾಥಾ ಎಂದು ಕರೆಯತೊಡಗಿದರು, ಅದಕ್ಕೆ ಹಿಟ್ಟು ಕಲಸುವುದನ್ನು ಕಲಿತರು, ಬ್ರೆಡ್ ಸುಡುವುದನ್ನು ಕಲಿತರು, ದಿನಾ ಬೆಳಿಗ್ಗೆ ಅದರದೊಂದು ಮಸುಕು ಫೋಟೋ ತೆಗೆದು ಗುಂಪಿಗೆ ಹಾಕುವುದನ್ನೂ ಕಲಿತರು. ಬ್ರೆಡ್ಡಿಗಿಂತ ಅವರ ಹೆಬ್ಬೆರಳೇ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸೊಂಟದ ಮೂಳೆಯ ಆಪರೇಷನ್ನಿಗೆ ಅವರು ಹೆಂಡತಿ ಇದ್ದಾಗಿನಿಂದಲೇ ಸರದಿಯಲ್ಲಿ ಕಾಯುತ್ತಿದ್ದರು. ಕರೆ ಬಂದ ಕೂಡಲೇ ಜಾಡಿ ಕೋಣೆಯಲ್ಲಿ ಬರೆಯಿರಿ, ನಾನೇ ಬಂದು ಒಯ್ಯುತ್ತೇನೆ ಎಂದು ವರ್ನಾ ಮಾತು ಕೊಟ್ಟಿದ್ದಳು. ಅದೂ ಆಗಾಥಾಳನ್ನು ಮಣ್ಣುಮಾಡಿ ಬಂದ ದಿನ, ಚರ್ಚಿನಲ್ಲಿ ಕಾಫಿ ಕುಡಿಯುತ್ತಾ ನಿಂತಾಗ ಕೊಟ್ಟ ಮಾತು.

ಅಷ್ಟರಲ್ಲಿ ಗಂಟೆಗಳ ಕಾಟ ಶುರುವಾಯಿತು.

ಯಾರು ಏನು ಬರೆದರೂ ಅವಳ ಫೋನು ಟಿಣ್ ಎನ್ನುತ್ತಿತ್ತು. ಬರೆದದ್ದಕ್ಕೆ ಯಾರೋ ಹೃದಯ ಒತ್ತಿದರೆ ಟಿಣ್, ಹೃದಯ ಒತ್ತಿದವರಿಗೆ ಧನ್ಯವಾದ ಹೇಳಿದರೆ ಮತ್ತೆ ಟಿಣ್. ಫೋನಿನ ಬಾಯಿ ಕಟ್ಟಿದರೆ ಕಂಪ್ಯೂಟರ್ ಕೂಗಿತು. ಕಂಪ್ಯೂಟರಿನದು ನಿಲ್ಲಿಸಿದರೆ ಇಮೇಲಿನಲ್ಲಿ ರಾಶಿ ಬಿದ್ದಿತು. ಸೆಟ್ಟಿಂಗ್ಸ್ ತೆರೆದರೆ ಅದರೊಳಗೆ ಇನ್ನೊಂದು ಸೆಟ್ಟಿಂಗ್ಸ್. 'ಎಲ್ಲವೂ', 'ನನ್ನ ಹೆಸರು ಬಂದಾಗ ಮಾತ್ರ', 'ಏನೂ ಬೇಡ', 'ಸದ್ಯಕ್ಕೆ ಬೇಡ'. 'ಏನೂ ಬೇಡ' ಒತ್ತಿದ ಮೇಲೂ ಯಾಕೆ ಬರುತ್ತಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಯಾವ ಗುಂಡಿ ಯಾವ ಗಂಟೆಯದು ಎಂಬ ಲೆಕ್ಕವೇ ತಪ್ಪಿಹೋಗಿತ್ತು.

ಕೊನೆಗೆ ಒಂದು ದಿನ ಓವನ್ನಿನ ಗಂಟೆ ಹೊಡೆದದ್ದನ್ನೂ ಅವಳು ಗುಂಪಿನದೇ ಅಂದುಕೊಂಡು ಸುಮ್ಮನೆ ಕೂತುಬಿಟ್ಟಳು. ಹೊಗೆ ಕಂಡಾಗಲೇ ಎದ್ದದ್ದು. ಗುಂಪಿನ ಉಸ್ತುವಾರಿಯಲ್ಲಿ ಅವಳಿಗೆ ಜೊತೆಯಾಗಿದ್ದ ಡೆಲ್ಫೀನ್ ಆ ಕರಿ ಮುದ್ದೆಯನ್ನು ನೋಡಿ, ಇದನ್ನು ಫೋಟೋ ಕೋಣೆಗೆ ಹಾಕು, ನಮ್ಮ ಗುರುಗಳ ಕೈಚಳಕ ಎಲ್ಲರೂ ನೋಡಲಿ ಎಂದು ಛೇಡಿಸಿದಳು. ಛೇಡಿಸಿ, ತಾನೇ ತಟ್ಟೆ ಉಜ್ಜಿಕೊಟ್ಟು ಹೋದಳು.

ಆ ವಾರ ಇಬ್ಬರೂ ಕೂತು ದಾರಿ ಹುಡುಕಿದರು. ಎಲ್ಲ ಕೋಣೆಗಳ ಗಂಟೆಯನ್ನು ದೀಪದಂತೆ ಆರಿಸಿಬಿಡುವುದು. ಬದಲಿಗೆ ದಿನಕ್ಕೊಮ್ಮೆ, ಸಂಜೆ, ಒಂದೇ ಒಂದು ಸಾರಾಂಶ ತರಿಸಿಕೊಳ್ಳುವುದು. ಮಾಡಿ ನೋಡಿದರೆ ಸ್ವರ್ಗ. ವರ್ನಾ ಹಿಂದೆ ಟೀಚರಾಗಿದ್ದವಳು, ಗೊತ್ತಾದದ್ದನ್ನು ಹಂಚದೆ ಇರಲಾರಳು. ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂದು ಚಿತ್ರ ಸಮೇತ ಪಾಠ ಬರೆದು ಗುಂಪಿಗೆಲ್ಲ ಹಾಕಿದಳು. ಜನ ಹರಸಿದರು. ಒಬ್ಬೊಬ್ಬರಾಗಿ ಗಂಟೆ ಆರಿಸಿದರು.

ಮನೆ ಶಾಂತವಾಯಿತು. ಆದರೆ ಆ ಶಾಂತಿಯಲ್ಲಿ ಏನೋ ಸರಿಯಿಲ್ಲ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನ್ನಿಸುತ್ತದಲ್ಲ, ಹಾಗೆ. ಅವಳು ಒಲೆ ನೋಡಿದಳು, ಕಾರಿನ ಬೀಗ ನೋಡಿದಳು. ತಂಗಿಯ ಹುಟ್ಟುಹಬ್ಬ ಮರೆತೆನೇ? ಇಲ್ಲ, ಅದು ಬೇಸಿಗೆಯಲ್ಲಿ. ಸಂಜೆಯ ಸಾರಾಂಶದಲ್ಲಿ ಹಿಟ್ಟಿಗೆ ಉಪ್ಪು ಯಾವಾಗ ಹಾಕಬೇಕೆಂಬ ಜಗಳ ಇತ್ತು, ಮರುದಿನವೂ ಅದೇ ಇತ್ತು. ಉಳಿದವರೆಲ್ಲ ಎಲ್ಲಿ ಹೋದರು?

ಒಂದು ಬೆಳಿಗ್ಗೆ ಬ್ರೆಡ್ ಕತ್ತರಿಸುವಾಗ ತನ್ನ ಹೆಬ್ಬೆರಳು ಕಣ್ಣಿಗೆ ಬಿತ್ತು. ಆಬ್ರಾಂ ಅವರ ಹೆಬ್ಬೆರಳನ್ನು ನೋಡಿ ಬಹಳ ಕಾಲವಾಗಿತ್ತು.

ಅವಳು ಕಂಪ್ಯೂಟರ್ ತೆರೆದು ಜಾಡಿ ಕೋಣೆಗೆ ಹೋದಳು. ಅಲ್ಲಿತ್ತು ಆಬ್ರಾಂ ಅವರ ಮಾತು, ಹೋದ ವಾರದ್ದು. ಯಾರಿಗೋ ಗೊತ್ತುಮಾಡಿದ್ದ ಆಪರೇಷನ್ ತಪ್ಪಿ ತಮ್ಮನ್ನು ಇದ್ದಕ್ಕಿದ್ದಂತೆ ಕರೆದಿದ್ದಾರೆ, ನಾಳೆ ಬೆಳಿಗ್ಗೆಯೇ ಹೋಗಬೇಕು, ಜಾಡಿಯನ್ನು ಟವೆಲಿನಲ್ಲಿ ಸುತ್ತಿ ಹಿತ್ತಿಲ ಮೆಟ್ಟಿಲ ಮೇಲಿನ ಡಬ್ಬದಲ್ಲಿ ಇಟ್ಟಿರುತ್ತೇನೆ, ಬಿಡುವಿದ್ದವರು ಒಯ್ದರೆ ಉಪಕಾರ ಎಂದು ಬರೆದಿದ್ದರು. ಕೆಳಗೆ ಒಂದೂ ಉತ್ತರವಿರಲಿಲ್ಲ.

ಸಾರಾಂಶಕ್ಕೆ ಯಾಕೆ ಬರಲಿಲ್ಲ? ಅರ್ಧ ಗಂಟೆ ತಡಕಾಡಿದ ಮೇಲೆ ಸಹಾಯದ ಪುಟದ ಒಂದು ಮೂಲೆಯಲ್ಲಿ ಸಿಕ್ಕಿತು. ಹೆಚ್ಚು ಉತ್ತರ ಬಂದ ಮಾತುಗಳನ್ನು ಮಾತ್ರ ಅದು ಆಯ್ದು ತರುತ್ತದಂತೆ. ಯಾರೂ ಉತ್ತರಿಸದ ಮಾತಿಗೆ ಅದರಲ್ಲಿ ಜಾಗವಿಲ್ಲ. ಜಗಳಕ್ಕೆ ಜಾಗವಿದೆ, ಒಬ್ಬ ಮುದುಕನ ವಿನಂತಿಗೆ ಇಲ್ಲ.

ಹೊರಗೆ ಜನವರಿಯ ಚಳಿ, ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥದ್ದು. ಅವಳು ಕೋಟಿನ ಗುಂಡಿಯನ್ನೂ ಸರಿಯಾಗಿ ಹಾಕದೆ ಕಾರು ಓಡಿಸಿದಳು. ಆಬ್ರಾಂ ಅವರ ಹಿತ್ತಿಲಿಗೆ ಹೋದಳು. ಮೆಟ್ಟಿಲ ಮೇಲಿನ ಹಿಮವನ್ನೆಲ್ಲ ಗುಡಿಸಿ ಚೊಕ್ಕಟ ಮಾಡಿತ್ತು. ಡಬ್ಬವಿತ್ತು. ಡಬ್ಬದಲ್ಲಿ ಏನೂ ಇರಲಿಲ್ಲ. ಜಾಡಿಯೂ ಇಲ್ಲ, ಟವೆಲೂ ಇಲ್ಲ.

ಯಾರು ಒಯ್ದರು? ಗುಂಪಿನವರೇ ಆಗಿದ್ದರೆ ಬರೆಯುತ್ತಿದ್ದರಲ್ಲ. ಅಳಿಲು ಮುಚ್ಚಳ ತೆಗೆಯುವುದಿಲ್ಲ. ಕಸದವರೇ? ಅಲ್ಲೇ ನಿಂತು, ಕೈಗವಸು ಬಿಚ್ಚಿ, ಬೆರಳು ಮರಗಟ್ಟುವವರೆಗೆ ಜಾಡಿ ಕೋಣೆಯಲ್ಲಿ ಬರೆದಳು: ಆಬ್ರಾಂ ಅವರ ಜಾಡಿ ಯಾರ ಬಳಿ ಇದೆ, ದಯವಿಟ್ಟು ಕೂಡಲೇ ತಿಳಿಸಿ. ಕಾರಿನೊಳಗೆ ಕೂತು, ಆ ಕೋಣೆಯ ಗಂಟೆಯನ್ನು ಮತ್ತೆ ಹಚ್ಚಿ, ಫೋನನ್ನೇ ನೋಡಿದಳು. ಫೋನು ಸುಮ್ಮನಿತ್ತು. ಅವಳು ಡೆಲ್ಫೀನಳಿಗೆ ಕರೆ ಮಾಡಿದಳು.

"ಯಾರೂ ಉತ್ತರ ಕೊಡ್ತಿಲ್ಲ ಕಣೇ," ಎಂದಳು ವರ್ನಾ.

"ಹೇಗೆ ಕೊಡ್ತಾರೆ? ನೀನೇ ತಾನೇ ಚಿತ್ರ ಬರ್ದು ಎಲ್ರ ಗಂಟೆ ಆರಿಸಿದ್ದು. ನಂದೂ ಆರಿದೆ," ಎಂದಳು ಡೆಲ್ಫೀನ್. ಆಮೇಲೆ ಅವಳ ದನಿ ಮೆತ್ತಗಾಯಿತು. "ಇರು, ನಾನು ಒಬ್ಬೊಬ್ಬರಿಗೇ ಫೋನ್ ಮಾಡ್ತೀನಿ. ನೀನು ಆಸ್ಪತ್ರೆಗೆ ಹೋಗು. ಅವರಿಗೆ ಬೇರೆಯವರಿಂದ ಗೊತ್ತಾಗೋದು ಬೇಡ."

ದಾರಿಯುದ್ದಕ್ಕೂ ವರ್ನಾಳ ತಲೆಯಲ್ಲಿ ಬೇರೊಂದು ಯೋಚನೆ ಸುಳಿಯುತ್ತಿತ್ತು. ತನ್ನ ಫ್ರಿಜ್ಜಿನಲ್ಲಿಯೂ ಒಂದು ಹೆಪ್ಪಿನ ಜಾಡಿ ಇದೆ. ಹೆಪ್ಪು ಹೆಪ್ಪಿನ ಹಾಗೇ ಕಾಣುತ್ತದೆ. ಅದನ್ನೇ ಕೊಟ್ಟು ಇದೇ ನಿಮ್ಮದು ಎಂದರೆ? ಮುದುಕರು ಮೂಸಿ ನೋಡುತ್ತಾರೆ. ಮೂಸಿ, ಏನೂ ಹೇಳದೆ ಇಟ್ಟುಕೊಳ್ಳುತ್ತಾರೆ. ಹೇಳದೆ ಇಟ್ಟುಕೊಳ್ಳುವುದನ್ನು ನೆನೆದೇ ಅವಳಿಗೆ ಆ ಯೋಚನೆ ಬೇಡವಾಯಿತು.

ಆಬ್ರಾಂ ದಿಂಬಿಗೆ ಒರಗಿ ಕೂತಿದ್ದರು. ಅವಳನ್ನು ಕಂಡು, ಕುರ್ಚಿಯ ಮೇಲಿದ್ದ ತಮ್ಮ ಸ್ವೆಟರನ್ನು ಊರುಗೋಲಿನ ತುದಿಯಿಂದ ಎತ್ತಿ ಜಾಗ ಮಾಡಿಕೊಟ್ಟರು.

"ಬಂದ್ಯಾ. ಕೂತ್ಕೋ ತಾಯಿ. ಆಗಾಥಾ ಹೇಗಿದ್ದಾಳೆ? ಹೊಟ್ಟೆ ತುಂಬ ತಿಂತಿದ್ದಾಳಾ?"

ವರ್ನಾ ಕೂರಲಿಲ್ಲ. "ಜಾಡಿ ನನ್ನ ಹತ್ರ ಇಲ್ಲ, ಆಬ್ರಾಂ. ಎಲ್ಲಿದೆ ಅಂತಾನೂ ಗೊತ್ತಿಲ್ಲ. ನೀವು ಬರೆದಿದ್ದನ್ನ ನಾನು ನೋಡಿದ್ದೇ ಇವತ್ತು."

ಅವರು ಮಂಚದ ಪಕ್ಕದ ಫೋನನ್ನು ಎತ್ತಿ ಅವಳಿಗೆ ತೋರಿಸಿದರು.

"ನಿನ್ನ ಪಾಠ ಓದಿ ನಾನೂ ಎಲ್ಲಾ ಆರಿಸ್ಬಿಟ್ಟಿದ್ದೆ. ನೀನು ಬರ್ದ ಹಾಗೇ, ಒಂದೊಂದಾಗಿ. ಸದ್ದಿಲ್ಲ ಅಂದ್ರೆ ಯಾರೋ ಹೂಂ ಅಂದಿದಾರೆ, ನನಗೇ ಕೇಳಿಸ್ಲಿಲ್ಲ ಅಂದ್ಕೊಂಡೆ." ಅವರು ಫೋನನ್ನು ಬೋರಲು ಹಾಕಿ ಇಟ್ಟರು. "ಮೊದ್ಲ ಸಲ ಈ ದರಿದ್ರ ಯಂತ್ರ ನನ್ನ ಮಾತು ಕೇಳಿದೆ ಅಂತ ಖುಷಿಯಾಗಿದ್ದೆ."

ವರ್ನಾ ಕ್ಷಮೆ ಕೇಳಿದಳು. ಅವರು ರಸ್ತೆ ಜಾರುತ್ತಿದೆಯೇ ಎಂದು ಕೇಳಿದರು. ಜಾರುತ್ತಿದೆ ಎಂದಳು. ನನ್ನ ಮೆಟ್ಟಿಲ ಮೇಲೂ ಹಿಮ ಕಟ್ಟಿರಬೇಕು, ನೀನು ಬಿದ್ದೀಯೆ, ಮತ್ತೆ ಆ ಕಡೆ ಹೋಗಬೇಡ ಎಂದರು.

"ಇಲ್ಲ, ಮೆಟ್ಟಿಲು ಚೊಕ್ಕಟವಾಗಿತ್ತು," ಎಂದಳು ವರ್ನಾ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಮೊನ್ನೆ ಇಡೀ ರಾತ್ರಿ ಹಿಮ ಬಿದ್ದಿತ್ತು. ಯಜಮಾನರು ಆಸ್ಪತ್ರೆಯಲ್ಲಿದ್ದರೆ ಮೆಟ್ಟಿಲು ಗುಡಿಸಿದ್ದು ಯಾರು?

ಮತ್ತೆ ಅಲ್ಲಿಗೆ ಹೋದಾಗ ಬೆಳಕು ಇಳಿಯುತ್ತಿತ್ತು. ಈ ಸಲ ಅವಳು ಡಬ್ಬವನ್ನು ನೋಡದೆ ನೆಲವನ್ನು ನೋಡಿದಳು. ಮೆಟ್ಟಿಲಿನಿಂದ ಸಲಿಕೆಯಗಲದ ಒಂದು ದಾರಿ ಹೊರಟು, ಬೇಲಿಯ ಕಿಂಡಿಯಲ್ಲಿ ತೂರಿ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ಮುಟ್ಟಿತ್ತು.

ಬಾಗಿಲು ತೆರೆದವಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದ ನಡುವಯಸ್ಸಿನ ಹೆಂಗಸು. ಪೆರ್ಲಿತಾ ಎಂದು ಹೆಸರು ಹೇಳಿದಳು. ದೇಶ ಫಿಲಿಪೀನ್ಸ್, ಈ ಬೀದಿಗೆ ಬಂದು ಬಹಳ ವರ್ಷವಾಯಿತು. ವರ್ನಾ ಜಾಡಿ ಎಂದು ಶುರುಮಾಡುತ್ತಲೇ ಅವಳು ಕೈ ಹಿಡಿದು ಒಳಗೆ ಕರೆದಳು.

"ಅಯ್ಯೋ, ಬನ್ನಿ ಅಕ್ಕಾ, ಯಾರಾದ್ರೂ ಬರ್ಲಿ ಅಂತ ಕಾಯ್ತಾ ಇದ್ದೆ. ಹಿಮ ತೆಗೆಯೋಕೆ ಹೋದಾಗ ಕಂಡ್ತು. ಯಾರೋ ಆಬ್ರಾಂ ಸರ್‌ಗೆ ಊಟ ತಂದಿಟ್ಟಿದಾರೆ, ಬಾಗಿಲು ತಟ್ಟಿದ್ರೆ ಅವರಿಲ್ಲ, ಹೊರಗೆ ಕಲ್ಲಾಗುತ್ತೆ ಅಂತ ಒಳಗೆ ತಂದೆ. ಮುಚ್ಚಳ ತೆಗೆದು ನೋಡಿದ್ರೆ ಊಟ ಅಲ್ಲ. ಹಳಸಿದ ಹಿಟ್ಟು. ಚೆಲ್ಲೋಣ ಅಂದ್ಕೊಂಡೆ."

"ಚೆಲ್ಲಿಲ್ವಲ್ಲ?"

"ಟವೆಲಲ್ಲಿ ಮಗು ಥರ ಸುತ್ತಿದ್ರು, ಅಕ್ಕಾ. ಹಾಗೆ ಸುತ್ತಿದ್ದನ್ನ ಹೇಗೆ ಚೆಲ್ಲೋದು?"

ಜಾಡಿ ಅನ್ನ ಮಾಡುವ ಕುಕ್ಕರಿನ ಪಕ್ಕದಲ್ಲಿ, ಅದೇ ಟವೆಲಿನೊಳಗೆ, ಕೆಳಗೊಂದು ತಟ್ಟೆ ಹಾಕಿ ಇಟ್ಟಿತ್ತು. ಎರಡು ಸಲ ಉಕ್ಕಿ ಚೆಲ್ಲಿತಂತೆ. ಪೆರ್ಲಿತಾಗೆ ಭಯವಾಗಿ ಸ್ವಲ್ಪ ತೆಗೆದಳಂತೆ, ಆಮೇಲೆ ಬೇರೆಯವರ ವಸ್ತು ಕಡಿಮೆಯಾಗಬಾರದೆಂದು ಮನೆಯಲ್ಲಿದ್ದ ಅಕ್ಕಿಹಿಟ್ಟನ್ನೇ ಹಾಕಿ ತುಂಬಿಸಿದಳಂತೆ. ತಪ್ಪು ಮಾಡಿದೆನಾ ಎಂದು ಎರಡು ಸಲ ಕೇಳಿದಳು.

ವರ್ನಾಗೆ ತಿಳಿಯಲಿಲ್ಲ. ಅಕ್ಕಿಹಿಟ್ಟು ತಿಂದ ಆಗಾಥಾಳ ಹೆಪ್ಪು ಇನ್ನೂ ಆಗಾಥಾಳದ್ದೇನಾ? ಗುಂಪಿನಲ್ಲಿ ಕೇಳಿದರೆ ಒಂದು ವಾರ ಜಗಳವಾಗುತ್ತದೆ. ಅವಳು ಮುಚ್ಚಳ ತೆಗೆದು ಬಗ್ಗಿದಳು. ಸೇಬಿನ ಸಿಪ್ಪೆ, ಹಳೆಯ ಮೊಸರು. ಹಿಂದೆಯೇ ಇನ್ನೇನೋ ಬೆಚ್ಚನೆಯದು, ಹೆಸರು ಗೊತ್ತಿಲ್ಲದ್ದು. ಮೇಲ್ಮೈಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಎದ್ದು ಒಡೆಯಿತು. ಅಷ್ಟಕ್ಕೇ ಅವಳಿಗೆ ಕಣ್ಣು ಮಂಜಾಯಿತು.

ತಪ್ಪಿಲ್ಲ, ಬದುಕಿದೆ ಎಂದಳು. ಈಗಲೇ ಆಸ್ಪತ್ರೆಗೆ ಹೋಗಿ ಅವರಿಗೆ ತೋರಿಸುತ್ತೇನೆ, ಅವರೇ ಮೂಸಿ ಹೇಳಲಿ.

ಆಗ ಕೋಟಿನ ಜೇಬಿನಲ್ಲಿ ಟಿಣ್ ಎಂದಿತು. ಡೆಲ್ಫೀನ್ ಬರೆದಿದ್ದಳು. ಬೇರೆಲ್ಲ ಕೋಣೆ ಮಲಗಿರಲಿ, ಜಾಡಿ ಕೋಣೆಯದೊಂದು ಗಂಟೆ ಮಾತ್ರ ಎಲ್ಲರೂ ಹಚ್ಚಿಕೊಳ್ಳಿ ಎಂದು ಮನೆಮನೆಗೆ ಫೋನ್ ಮಾಡಿ ಹೇಳಿದ್ದಳಂತೆ. ಮತ್ತೆ ಟಿಣ್, ಮತ್ತೆ ಟಿಣ್. ನನ್ನ ಬಳಿ ಇಲ್ಲ, ನನ್ನ ಬಳಿಯೂ ಇಲ್ಲ, ಹುಡುಕಲು ಬರಲೇ? ಇಷ್ಟು ಜನ ಇದ್ದರೇ ಎಂದು ವರ್ನಾ ಬೆರಗಾದಳು. ಉತ್ತರ ಬರೆಯಲು ನೋಡಿದಳು. ಒಂದು ಕೈಯಲ್ಲಿ ಜಾಡಿ, ಇನ್ನೊಂದರಲ್ಲಿ ಫೋನು, ಯಾವ ಗುಂಡಿ ಒತ್ತಬೇಕೆಂದೇ ಹೊಳೆಯಲಿಲ್ಲ.

ಪೆರ್ಲಿತಾ ಒಲೆಯ ಮೇಲಿನ ಪಾತ್ರೆಯಿಂದ, ಕೋಳಿ ಮತ್ತು ಶುಂಠಿ ಹಾಕಿ ಬೇಯಿಸಿದ ಅನ್ನದ ಗಂಜಿಯನ್ನು ಆಬ್ರಾಂ ಅವರಿಗೆಂದು ಒಂದು ಡಬ್ಬಿಗೆ ಬಡಿಸಿದಳು. ವರ್ನಾಳ ಮುಖವನ್ನೊಮ್ಮೆ ನೋಡಿ ಇನ್ನೊಂದು ಡಬ್ಬಿ ತೆಗೆದು ಅದಕ್ಕೂ ಬಡಿಸಿದಳು. ಎರಡನ್ನೂ ಚೀಲದಲ್ಲಿಟ್ಟು, ಎರಡು ಚಮಚ ಹಾಕಿ, ಕಾದು ನಿಂತಳು. ವರ್ನಾ ಫೋನನ್ನು ಜೇಬಿಗೆ ಹಾಕಿ ಕೈ ಚಾಚಿದಳು. ಚೀಲ ಬಿಸಿಯಾಗಿತ್ತು.